ಸಹಾಯ ಬೇಕು: ಊಟ ಕಡಿಮೆ ಮಾಡಿದ್ದೀನಿ, ರಾತ್ರಿ ಹಸಿವು ಬಿಡ್ತಿಲ್ಲ

ಎಲ್ಲರಿಗೂ ನಮಸ್ಕಾರ. ತೂಕ ಇಳಿಸೋಕೆ ಊಟದ ಪ್ರಮಾಣ ಕಡಿಮೆ ಮಾಡಿದ್ದೀನಿ, ತೂಕ ನಿಧಾನಕ್ಕೆ ಇಳೀತಾನೂ ಇದೆ. ಹಗಲು ಹೇಗೋ ಕಳೆದುಹೋಗುತ್ತೆ. ಕಷ್ಟ ಇರೋದು ರಾತ್ರಿ. ಊಟ ಮುಗಿಸಿ ತಟ್ಟೆ ತೊಳೆದಿಡೋ ಹೊತ್ತಿಗೇ ಕೈ ಮತ್ತೆ ಡಬ್ಬಿ ಕಡೆ ಹೋಗುತ್ತೆ. ಅದು ಬಾಯಿ ಚಪಲ ಅಲ್ಲ, ನಿಜವಾಗಿ ಹೊಟ್ಟೆ ಚುರುಗುಟ್ಟುತ್ತೆ.

ಹೊಟ್ಟೆ ತುಂಬಿದ ಸೂಚನೆ ಮೆದುಳಿಗೆ ಸರಿಯಾಗಿ ತಲುಪೋಕೆ ಸುಮಾರು 20 ನಿಮಿಷ ಬೇಕು ಅಂತಾರೆ. ಅದಕ್ಕೇ ನಿಧಾನವಾಗಿ ಅಗಿದು ತಿನ್ನೋ ಅಭ್ಯಾಸ ಮಾಡ್ಕೊಂಡೆ, ಸ್ವಲ್ಪ ಉಪಯೋಗ ಆಯ್ತು. ಚಿಕ್ಕ ತಟ್ಟೆಯಿಂದ ಮಾತ್ರ ನನಗೆ ಏನೂ ಪ್ರಯೋಜನ ಆಗಲಿಲ್ಲ. ಒಂದು ಗ್ರಾಂ ಕೊಬ್ಬಲ್ಲಿ 9 ಕ್ಯಾಲೊರಿ, ಪ್ರೋಟೀನ್‌ನಲ್ಲಿ 4. ತರಕಾರಿಯಲ್ಲಿ ನೀರು, ನಾರು ಜಾಸ್ತಿ ಇರೋದ್ರಿಂದ ತಟ್ಟೆ ತುಂಬಾ ತಿಂದ್ರೂ ಕ್ಯಾಲೊರಿ ಕಡಿಮೆ. ಹಾಗಾಗಿ ಅರ್ಧ ತಟ್ಟೆ ತರಕಾರಿನೇ ಇರುತ್ತೆ. ಆದ್ರೂ ಎರಡು ಗಂಟೆ ಕಳೆಯೋದ್ರೊಳಗೆ ಹಸಿವು.

ತೂಕ ಇಳಿದಾಗ ಹಸಿವು ತಗ್ಗಿಸೋ ಲೆಪ್ಟಿನ್ ಅನ್ನೋ ಹಾರ್ಮೋನ್ ಕಡಿಮೆಯಾಗಿ, ಹಸಿವು ಹುಟ್ಟಿಸೋ ಗ್ರೆಲಿನ್ ಹಾರ್ಮೋನ್ ಏರುತ್ತೆ ಅಂತ ಗೊತ್ತು. ಅಂದ್ರೆ ಇದು ಬರೀ ಮನಸ್ಸಿನ ದೌರ್ಬಲ್ಯ ಅಲ್ಲ. "ಸ್ವಲ್ಪ ಗಟ್ಟಿ ಮನಸ್ಸು ಮಾಡಿ" ಅನ್ನೋ ಸಲಹೆ ದಯವಿಟ್ಟು ಬೇಡ, ಅದನ್ನ ಕೇಳಿ ಕೇಳಿ ಸಾಕಾಗಿದೆ.

ನನ್ನ ಪ್ರಶ್ನೆ ಇಷ್ಟೇ: ಪ್ರೋಟೀನ್ ಅನ್ನು ಮೂರು ಹೊತ್ತಿಗೂ ಸಮವಾಗಿ ಹಂಚಿಕೊಂಡವರಿಗೆ ರಾತ್ರಿ ಹಸಿವು ಕಡಿಮೆ ಆಯ್ತಾ? ಈಗ ನಾನು ಬಹುಪಾಲು ಮಧ್ಯಾಹ್ನವೇ ತಿಂತೀನಿ. ಅಥವಾ ನಾನು ಅಗತ್ಯಕ್ಕಿಂತ ಜಾಸ್ತಿಯೇ ಕಡಿತ ಮಾಡ್ತಿದ್ದೀನಾ, ಅದನ್ನ ಹೇಗೆ ಗುರುತಿಸೋದು? ಡಯಟಿಷಿಯನ್ ಹತ್ತಿರ ಹೋದವರಿದ್ರೆ, ಅವರು ಮೊದಲು ಏನು ಬದಲಾಯಿಸಿದ್ರು ಅಂತ ಹೇಳ್ತೀರಾ?