ಯಜಮಾನ್ರ ಕಾಲಿಂದ ಚಪ್ಪಲಿ ಜಾರಿದ್ರೂ ಗೊತ್ತಾಗ್ತಿಲ್ಲ, ಶುಗರ್ ಬಗ್ಗೆ ಗೊತ್ತಿರೋರು ಹೇಳಿ

ಡೊಂಬಿವಲಿ ಅಮ್ಮ:
ಎಲ್ರಿಗೂ ನಮಸ್ಕಾರ. ನಮ್ಮ ಯಜಮಾನ್ರಿಗೆ ಶುಗರ್ ಬಂದು ಹತ್ತು ವರ್ಷದ ಮೇಲಾಯ್ತು, ಅಂಧೇರಿಲಿ ಹೋಟೆಲ್ ಗಲ್ಲಾ ನೋಡ್ಕೋತಾರೆ, ಬೆಳಿಗ್ಗೆ ಲೋಕಲ್ ಹಿಡಿದು ಹೋದ್ರೆ ರಾತ್ರಿನೇ ಬರೋದು. ಮೊನ್ನೆ ದಾದರ್‌ನಲ್ಲಿ ಟ್ರೇನ್ ಬದಲಾಯಿಸುವಾಗ ಒಂದು ಕಾಲಿನ ಚಪ್ಪಲಿ ಕಳಚಿ ಬಿದ್ದಿದೆ, ಇವರು ಹಾಗೇ ಬ್ರಿಜ್ ಹತ್ತಿದಾರೆ, ಹಿಂದೆ ಬರೋರು ಯಾರೋ ಕೂಗಿ ಹೇಳಿದ ಮೇಲೇ ಗೊತ್ತಾಗಿದ್ದಂತೆ! ಹಗಲು ಪಾದ ಜೋಮು ಹಿಡಿದ ಹಾಗೆ, ರಾತ್ರಿ ಮಾತ್ರ ಚಾದರ ತಾಗಿದ್ರೂ ಉರಿ ಉರಿ ಅಂತಾರೆ. ಎಚ್‌ಬಿಎ1ಸಿ (ಮೂರು ತಿಂಗಳ ಸರಾಸರಿ ಶುಗರ್ ಟೆಸ್ಟ್) 9.4 ಬಂದಿದೆ, ಜಾಸ್ತಿನೇ. ಡಾಕ್ಟರು ಇನ್ಸುಲಿನ್ ಶುರು ಮಾಡೋಣ ಅಂದ್ರೆ ಇವರು ಒಪ್ತಿಲ್ಲ, ಪಕ್ಕದ ಬಿಲ್ಡಿಂಗಿನವರಿಗೆ ಇನ್ಸುಲಿನ್ ಕೊಟ್ಟ ಮೇಲೇ ಡಯಾಲಿಸಿಸ್ ಆಗಿದ್ದು ಅಂತ ಹಠ. ಕಣ್ಣು ತೋರಿಸಿ ಅಂದ್ರೆ ಪೇಪರ್ ಓದ್ತೀನಲ್ಲ ಅಂತಾರೆ. ಏನ್ ಮಾಡ್ಲಿ?

ಮುಲುಂಡ್ ಮಾರಾಯ:
ಅಕ್ಕ, ಉರಿ ಮತ್ತೆ ಜೋಮು ಎರಡೂ ಒಟ್ಟಿಗೆ ಇರ್ತದೆ, ನನ್ನ ಅಣ್ಣನಿಗೂ ಹಾಗೇ, ನರದ ತೊಂದರೆ ಅದು. ಉರಿಗಿಂತ ಜೋಮಿಗೇ ಹೆದರ್ಬೇಕು ಮಾರಾಯ್ರೆ, ಯಾಕಂದ್ರೆ ಕಲ್ಲು ಚುಚ್ಚಿದ್ರೂ ಗೊತ್ತಾಗುದಿಲ್ಲ, ಅದೇ ಕಾಲಲ್ಲಿ ಸ್ಟೇಷನ್ ಹತ್ತಿ ಇಳಿದು ಗಾಯ ದೊಡ್ಡದಾಗ್ತದೆ. ದಿನಾ ರಾತ್ರಿ ಪಾದದ ಅಡಿ, ಬೆರಳಿನ ಸಂದಿ ಲೈಟ್ ಹಾಕಿ ನೀವೇ ನೋಡಿ, ಅವರಿಗೆ ಬಗ್ಗಲಿಕ್ಕೆ ಆಗದಿದ್ರೆ ಕನ್ನಡಿ ನೆಲಕ್ಕಿಟ್ಟು ನೋಡ್ಲಿ. ಇಲ್ಲಿಯ ಮಳೆಗಾಲದಲ್ಲಂತೂ ನೀರಲ್ಲಿ ನಡೆದು ಬಂದ ಮೇಲೆ ಬೆರಳಿನ ಸಂದಿ ಒರೆಸಲೇಬೇಕು, ಎಣ್ಣೆ ಕ್ರೀಮು ಪಾದಕ್ಕೆ ಹಚ್ಚಿ, ಸಂದಿಗೆ ಬೇಡ. ಬಿಸಿನೀರಿನ ಚೀಲ ಇಡ್ಲೇಬೇಡಿ, ಸುಟ್ರೂ ಗೊತ್ತಾಗುದಿಲ್ಲ. ಚಪ್ಪಲಿ ಹಿಂದೆ ಪಟ್ಟಿ ಇರುವ ಎಮ್‌ಸಿಆರ್ ಅನ್ನುವ ಮೆತ್ತನೆ ರಬ್ಬರಿಂದು ತಗೊಳ್ಳಿ, ಸಂಜೆ ಹೊತ್ತು ಹೋಗಿ, ಪಾದ ಆಗ ಸ್ವಲ್ಪ ಊದಿರ್ತದೆ, ಅಳತೆ ಸರಿ ಸಿಕ್ತದೆ.

ಮಾಟುಂಗಾ ಕಾಕಾ:
ಇಂಗ್ಲಿಷ್ ಔಷಧಿನೇ ಎಲ್ಲಾ ಹಾಳು ಮಾಡೋದು. ಹಾಗಲಕಾಯಿ ರಸ ಬೆಳಿಗ್ಗೆ ಖಾಲಿ ಹೊಟ್ಟೆಗೆ, ಅನ್ನ ಬಿಟ್ಟು ಜೋಳದ ರೊಟ್ಟಿ, ಅಷ್ಟೇ ಸಾಕು.

ಕಲ್ಯಾಣದಾಗಿನ ಬಿಜಾಪುರದಾಂವ:
ಕಾಕಾರ, ನಾವು ಹುಟ್ಟಿದಾಗಿಂದ ಜ್ವಾಳದ ರೊಟ್ಟೀನ ತಿಂತೀವಿ, ನಮ್ಮ ಮನ್ಯಾಗ ನಾಲ್ಕ್ ಮಂದಿಗೆ ಶುಗರ್ ಐತಿ 😄 ರೊಟ್ಟಿಗೆ ಲೆಕ್ಕ ಇಲ್ಲ ಅಂತ ಐದೈದು ತಿಂದ್ರ ಅದೂ ಶುಗರ್ ಏರಸ್ತೈತ್ರಿ.

ನೈಟ್ ಡ್ಯೂಟಿ ಸಿಸ್ಟರ್:
ಡೊಂಬಿವಲಿ ಅಮ್ಮ, ಆ ಡಯಾಲಿಸಿಸ್ ಕಥೆ ವಾರ್ಡಲ್ಲೂ ದಿನಾ ಕೇಳ್ತೀನಿ. ಆಗೋದು ಉಲ್ಟಾ ಕಣ್ರೀ, ವರ್ಷಗಟ್ಲೆ ಶುಗರ್ ಬಿಪಿ ಜಾಸ್ತಿ ಇದ್ದು ಕಿಡ್ನಿ ಮೊದಲೇ ಸೋತಿರತ್ತೆ, ಕಿಡ್ನಿ ಕೆಲಸ ತೀರಾ ಕಮ್ಮಿಯಾದಾಗ ಮೆಟ್‌ಫಾರ್ಮಿನ್ ತರದ ಶುಗರ್ ಮಾತ್ರೆ ನಿಲ್ಲಿಸಬೇಕಾಗತ್ತೆ, ಆಗ ಇನ್ಸುಲಿನ್ ಕೊಡ್ತಾರೆ, ನೋಡೋರಿಗೆ ಇನ್ಸುಲಿನ್ ಆದ ಮೇಲೆ ಡಯಾಲಿಸಿಸ್ ಅನ್ಸತ್ತೆ. ಒಮ್ಮೆ ಶುರು ಮಾಡಿದ್ರೆ ಜೀವಮಾನ ಪೂರ್ತಿ ಅಂತಾನೂ ಇಲ್ಲ, ಟೈಪ್ 2ರಲ್ಲಿ (ದೊಡ್ಡವರಲ್ಲಿ ಹೆಚ್ಚಾಗಿ ಕಾಣೋ ಶುಗರ್) ಕೆಲವರಿಗೆ ಕಂಟ್ರೋಲ್ ಬಂದ ಮೇಲೆ ಡಾಕ್ಟರೇ ನಿಲ್ಲಿಸ್ತಾರೆ. ಬರೀ ಕ್ರಿಯಾಟಿನಿನ್ (ಕಿಡ್ನಿಯ ರಕ್ತ ಟೆಸ್ಟ್) ನಾರ್ಮಲ್ ಅಂತ ಕೂರಬೇಡಿ, ಮೂತ್ರದಲ್ಲಿ ಪ್ರೋಟೀನ್ ಸೋರ್ತಿದೆಯಾ ಅಂತ ನೋಡೋ ಎಸಿಆರ್ ಟೆಸ್ಟ್ ಮಾಡ್ಸಿ, 30ರ ಒಳಗಿದ್ರೆ ಒಳ್ಳೇದು. ಕಾಲು ನೋವಿಗೆ ಮೆಡಿಕಲ್‌ನಿಂದ ತಾವೇ ಪೇನ್ ಕಿಲ್ಲರ್ ತಂದು ನುಂಗೋದು ಇದ್ರೆ ಬಿಡ್ಸಿ, ಕಿಡ್ನಿಗೆ ಪೆಟ್ಟು ಅದರಿಂದ. ಮೆಟ್‌ಫಾರ್ಮಿನ್ ಬಹಳ ವರ್ಷ ತಗೊಂಡ್ರೆ ವಿಟಮಿನ್ ಬಿ12 ಇಳೀಬಹುದು, ಅದಕ್ಕೂ ಜೋಮು ಬರತ್ತೆ, ಅದನ್ನೂ ನೋಡ್ಸಿ.

ಕಣ್ಣಿಗೆ ಪೇಪರ್ ಓದೋದು ಲೆಕ್ಕಕ್ಕಿಲ್ಲ, ರೆಟಿನಾದಲ್ಲಿ (ಕಣ್ಣಿನ ಹಿಂಭಾಗದ ಪರದೆ) ರಕ್ತನಾಳ ಹಾಳಾಗ್ತಿದ್ರೂ ಶುರುವಲ್ಲಿ ದೃಷ್ಟಿ ಚೆನ್ನಾಗೇ ಇರತ್ತೆ. ವರ್ಷಕ್ಕೊಂದು ಸಲ ಡ್ರಾಪ್ಸ್ ಹಾಕಿ ನೋಡ್ಸಬೇಕು, ಆಮೇಲೆ ಕೆಲವು ಗಂಟೆ ಮಬ್ಬಾಗಿರತ್ತೆ, ಲೋಕಲ್‌ನಲ್ಲಿ ಒಬ್ರನ್ನೇ ಕಳಿಸ್ಬೇಡಿ.

ಮುಲುಂಡ್ ಮಾರಾಯ:
ಸಿಸ್ಟರ್, ಇನ್ಸುಲಿನ್ ತಗೊಂಡು ರಶ್ ಅವರ್‌ನಲ್ಲಿ ಶುಗರ್ ಇಳಿದ್ರೆ?

ನೈಟ್ ಡ್ಯೂಟಿ ಸಿಸ್ಟರ್:
ಕಿಸೆಯಲ್ಲಿ ಗ್ಲುಕೋಸ್ ಪುಡಿನೋ ಸಕ್ಕರೆ ಪೊಟ್ಟಣನೋ ಇರ್ಲಿ. ಬೆವರು, ನಡುಕ, ಎದೆ ಡವಡವ ಅಂದ್ರೆ, ಮೀಟರ್‌ನಲ್ಲಿ 70ಕ್ಕಿಂತ ಕಮ್ಮಿ ಇದ್ರೆ, ಮೂರು ಟೀ ಚಮಚ ಸಕ್ಕರೆ ತಿಂದು 15 ನಿಮಿಷ ಬಿಟ್ಟು ಮತ್ತೆ ನೋಡೋದು. ಚಾಕಲೇಟ್ ಬೇಡ, ಅದರ ಕೊಬ್ಬಿಂದ ಸಕ್ಕರೆ ಏರೋದು ನಿಧಾನ.

ಡೊಂಬಿವಲಿ ಅಮ್ಮ:
ತುಂಬಾ ಥ್ಯಾಂಕ್ಸ್. ರಜೆ ದಿನ ಕಣ್ಣಿಗೆ ಹೋಗೋಕೆ ಒಪ್ಪಿದಾರೆ, ಇನ್ಸುಲಿನ್‌ಗೆ ಇನ್ನೂ ನೋಡೋಣ ಅಂತಾನೇ. ಇವತ್ತು ರಾತ್ರಿ ಪಾದ ನೋಡ್ದೆ, ಬಲಗಾಲು ಹೆಬ್ಬೆರಳ ಬುಡದಲ್ಲಿ ಆಣಿ ತರ ಗಟ್ಟಿಯಾಗಿದೆ, ಒಳಗೆ ಕಪ್ಪಗೆ ಕಾಣ್ತಿದೆ. ನೋವಿಲ್ಲ ಅಂತಾರೆ. ಆಣಿ ಪಟ್ಟಿ ಅಂಟಿಸ್ಲಾ?

ನೈಟ್ ಡ್ಯೂಟಿ ಸಿಸ್ಟರ್:
ಬೇಡ! ಪಟ್ಟಿಯಲ್ಲಿ ಆಸಿಡ್ ಇರತ್ತೆ, ಬ್ಲೇಡೂ ಹಾಕ್ಬೇಡಿ. ಗಟ್ಟಿ ಚರ್ಮದ ಒಳಗೆ ಕಪ್ಪು ಅಂದ್ರೆ ಅಡಿಯಲ್ಲಿ ರಕ್ತ ಇಳಿದು ಗಾಯ ಆಗಿರಬಹುದು. ರಜೆ ದಿನದ ತನಕ ಕಾಯ್ಬೇಡಿ, ನಾಳೆ ಬೆಳಿಗ್ಗೆನೇ ಡಾಕ್ಟರ ಹತ್ರ ಕರ್ಕೊಂಡ್ ಹೋಗಿ, ಹಾಕೋ ಚಪ್ಪಲಿನೂ ಒಯ್ದು ತೋರಿಸಿ, ಅಲ್ಲಿವರೆಗೆ ಆ ಕಾಲ ಮೇಲೆ ಭಾರ ಹಾಕಿ ಓಡಾಡೋದು ಬೇಡ. ಕೆಂಪಾಗಿ ಊದಿದ್ರೆ, ಜ್ವರ ಬಂದ್ರೆ ರಾತ್ರಿನೇ ಕ್ಯಾಶುವಾಲ್ಟಿಗೆ ಹೋಗಿ.