ಸ್ಲ್ಯಾಬ್ ಅಂಚಿನ ಲೈಫ್‌ಲೈನ್ ಎಷ್ಟು ಬಿಗಿದರೂ ಜೋತುಬೀಳುತ್ತಿದೆ: ಪರಿಹಾರ ತಿಳಿಸಿ

ಹುಬ್ಬಳ್ಳಿ_ಸೈಟ್:
ಎಲ್ಲರಿಗೂ ನಮಸ್ಕಾರ. ನೆಲಮಹಡಿಯ ಮೇಲೆ ಏಳು ಮಹಡಿಗಳ ವಸತಿ ಕಟ್ಟಡದ ಕೆಲಸ ನೋಡಿಕೊಳ್ಳುತ್ತಿದ್ದೇನೆ. ಸ್ಲ್ಯಾಬಿನ ಅಂಚಿನುದ್ದಕ್ಕೂ ಕಟ್ಟಿಸಿರುವ ಉಕ್ಕಿನ ಹಗ್ಗದ ಲೈಫ್‌ಲೈನ್ (ಕೆಲಸಗಾರರು ಬೆಲ್ಟಿನ ಹುಕ್ಕು ಸಿಕ್ಕಿಸುವ ಹಗ್ಗ) ಒಂದು ದಿನವೂ ಬಿಗಿಯಾಗಿ ನಿಲ್ಲುತ್ತಿಲ್ಲ. ಬೆಳಿಗ್ಗೆ ಹಗ್ಗ ಬಿಗಿಯುವ ತಿರುಪಾದ ಟರ್ನ್‌ಬಕಲ್ ತಿರುಗಿಸಿ ನೆಟ್ಟಗೆ ಮಾಡಿಸಿದರೆ ಮರುದಿನ ಸಂಜೆಯ ಹೊತ್ತಿಗೆ ಅದು ಮೊಣಕಾಲ ಮಟ್ಟಕ್ಕೆ ಇಳಿದಿರುತ್ತದೆ. ಕಂಬಿ ಕಟ್ಟುವವರು ಅದನ್ನು ದಾಟಿಕೊಂಡೇ ಓಡಾಡುತ್ತಾರೆ, ಹುಕ್ಕನ್ನು ಮಾತ್ರ ಯಾರೂ ಹಾಕುವುದಿಲ್ಲ. ಕೇಳಿದರೆ "ಹಗ್ಗನ ನೆಟ್ಟಗ ನಿಂತಿಲ್ಲ, ನಮ್ಮನ್ನೇನ ಹಿಡೀತೈತ್ರಿ ಸಾಹೇಬ್ರ" ಎಂದು ನಗುತ್ತಾರೆ. ಮಾಲೀಕರ ಕಡೆಯ ಸುರಕ್ಷತಾ ತಪಾಸಕರು ಲೈಫ್‌ಲೈನ್ ಸರಿಹೋಗುವವರೆಗೆ ಅಂಚಿನ ಕೆಲಸ ನಿಲ್ಲಿಸಬೇಕೆಂದು ಬರೆದುಕೊಟ್ಟು ಹೋಗಿದ್ದಾರೆ. ಹಗ್ಗ ಹೊಸದು, 8 ಮಿ.ಮೀ. ಗಾತ್ರದ್ದು. ಹಾರ್ನೆಸ್‌ಗಳು, ಅಂದರೆ ಮೈಗೆ ಕಟ್ಟುವ ಸುರಕ್ಷತಾ ಬೆಲ್ಟುಗಳು, ಐಎಸ್ 3521 ಎಂಬ ಭಾರತೀಯ ಮಾನದಂಡದ ಗುರುತಿರುವಂಥವು. ಮಿಕ್ಕಿದ್ದೆಲ್ಲ ಸರಿಯಾಗಿದೆ, ಹಗ್ಗವೊಂದೇ ಕೈಕೊಡುತ್ತಿದೆ. ಬಿಗಿಯುವ ಸರಿಯಾದ ಕ್ರಮ ಯಾವುದೆಂದು ತಿಳಿದವರು ಹೇಳಬೇಕು.

ತುಮಕೂರು_ಸೆಂಟ್ರಿಂಗ್:
ಸರ್, ಹಗ್ಗ ಎಷ್ಟು ಉದ್ದವಿದೆ, ನಡುವೆ ಎಷ್ಟು ಕಂಬಗಳಿವೆ, ಎರಡು ತುದಿಗಳನ್ನು ಯಾವುದಕ್ಕೆ ಕಟ್ಟಿದ್ದೀರಿ? ಇವು ಗೊತ್ತಾಗದೆ ಏನು ಹೇಳುವುದೂ ಕಷ್ಟ.

ರಿಗ್ಗರ್_ಕಾರವಾರ:
ಉದ್ದ ಕೇಳುವ ಅಗತ್ಯವೇ ಇಲ್ಲ, ಇದು ಹಗ್ಗದ ತುದಿಯನ್ನು ಮಡಚಿ ಹಿಡಿಸುವ ಕ್ಲಿಪ್ಪಿನ ಸಮಸ್ಯೆ. ಬಂದರಿನ ಕೆಲಸದಲ್ಲಿ ನಾನು ನೋಡಿದ ಜಾರುವ ಹಗ್ಗಗಳಲ್ಲಿ ಹೆಚ್ಚಿನವು ಯು-ಕ್ಲಿಪ್ ತಿರುಗುಮುರುಗಾಗಿ ಹಾಕಿದಂಥವೇ. ಕ್ಲಿಪ್ಪಿನ ದಪ್ಪನೆಯ ತಡಿ ಭಾಗವು ಭಾರ ಹೊರುವ ಹಗ್ಗದ ಮೇಲೆ ಕೂರಬೇಕು, ಯು ಆಕಾರದ ಬೋಲ್ಟು ಮಡಚಿಬಂದ ತುಂಡು ತುದಿಯನ್ನು ಅದುಮಬೇಕು. ಒಂದು ಈ ಕಡೆ, ಒಂದು ಆ ಕಡೆ ಎಂದು ಹಾಕಿದರೆ ಬೋಲ್ಟು ಭಾರದ ಹಗ್ಗವನ್ನೇ ಕಚ್ಚಿ ಎಳೆಗಳನ್ನು ನಜ್ಜುಮಾಡುತ್ತದೆ. 8 ಮಿ.ಮೀ. ಹಗ್ಗಕ್ಕೆ ಪ್ರತಿ ತುದಿಯಲ್ಲಿ ಕನಿಷ್ಠ 3 ಕ್ಲಿಪ್ಪುಗಳಿರಬೇಕು, ಅವುಗಳ ನಡುವೆ ಹಗ್ಗದ ದಪ್ಪದ ಆರು ಪಟ್ಟು, ಅಂದರೆ ಸುಮಾರು 50 ಮಿ.ಮೀ. ಅಂತರವಿರಬೇಕು, ಹಗ್ಗ ಮಡಚಿದ ಕುಣಿಕೆಯ, ಅಂದರೆ ಕಣ್ಣಿನ, ಒಳಗೆ ಥಿಂಬಲ್ ಎಂಬ ಲೋಹದ ಬಳೆ ಇರಬೇಕು. ಮೊದಲ ಬಾರಿ ಭಾರ ಬಿದ್ದ ಮೇಲೆ ನಟ್ಟುಗಳನ್ನು ಇನ್ನೊಮ್ಮೆ ಬಿಗಿಯಲೇಬೇಕು. ಕ್ಲಿಪ್ಪಿನ ಫೋಟೋ ಹಾಕಿ, ನೋಡಿ ಹೇಳುತ್ತೇನೆ.

ಹುಬ್ಬಳ್ಳಿ_ಸೈಟ್:
ರಿಗ್ಗರ್ ಅವರೇ, ಫೋಟೋ ಲಗತ್ತಿಸಿದ್ದೇನೆ. ಕೆಲವು ಕ್ಲಿಪ್ಪುಗಳು ನೀವು ಹೇಳಿದಂತೆ ತಿರುಗಿದ್ದವು. ಎಲ್ಲವನ್ನೂ ಬಿಚ್ಚಿಸಿ ಸರಿಯಾಗಿ ಹಾಕಿಸಿ, ಜಾರಿದರೆ ತಿಳಿಯಲೆಂದು ಹಗ್ಗದ ಮೇಲೆ ಬಣ್ಣದ ಗುರುತನ್ನೂ ಮಾಡಿಸಿದೆ. ಗುರುತು ಒಂದು ಕೂದಲೆಳೆಯಷ್ಟೂ ಸರಿದಿಲ್ಲ, ಹಗ್ಗ ಮಾತ್ರ ಮತ್ತೆ ಜೋತಿದೆ. ತುಮಕೂರಿನವರು ಉದ್ದ ಕೇಳಿದ್ದರು: ಕಟ್ಟಡದ ಮುಂಭಾಗ ಎಷ್ಟಿದೆಯೋ ಅಷ್ಟು.

ರಿಗ್ಗರ್_ಕಾರವಾರ:
ಹಾಗಾದರೆ ನಟ್ಟು ಬಿಗಿದದ್ದು ಸಾಲದು, ಬಿಗಿತ ಅಳೆಯುವ ಟಾರ್ಕ್ ರೆಂಚ್ ಬಳಸಿ. ಅಲ್ಲದೆ ಹೊಸ ಹಗ್ಗದ ನಡುವೆ ನಾರಿನ ಎಳೆ ಇದ್ದರೆ ಅದು ಮೊದಮೊದಲು ಅರ್ಧ ಶೇಕಡಾಕ್ಕಿಂತಲೂ ಹೆಚ್ಚು ಹಿಗ್ಗುತ್ತದೆ. ಉಕ್ಕಿನ ತಿರುಳಿನ ಹಗ್ಗ ತರಿಸಿ, ಕ್ಲಿಪ್ಪುಗಳನ್ನು ನಾಲ್ಕು ಮಾಡಿ. ಕ್ಲಿಪ್ ಸರಿಯಿದ್ದೂ ಹಗ್ಗ ಜೋತದ್ದನ್ನು ನಾನಂತೂ ಕಂಡಿಲ್ಲ.

ದೋಹಾ_ಕುಂದಾಪುರಿಗ:
ನಮ್ಮ ದೋಹಾದ ಸೈಟಿನಲ್ಲಿ ಅಂಚಿಗೆ ಇಂಥ ಹಗ್ಗವನ್ನು ಕಟ್ಟುವುದೇ ಇಲ್ಲ. ಅಲ್ಯೂಮಿನಿಯಂ ಶಟರಿಂಗಿನ (ಕಾಂಕ್ರೀಟ್ ಸುರಿಯುವ ಅಚ್ಚಿನ) ಹೊರಬದಿಗೆ ಬ್ರ್ಯಾಕೆಟ್ ಮೇಲೆ ನಡೆದಾಡುವ ಹಲಗೆಗಳು, ಅದರ ಹೊರಗೆ ಆಳೆತ್ತರಕ್ಕೂ ಮಿಕ್ಕಿದ ಉಕ್ಕಿನ ಜಾಲರಿ, ಮೇಲೆ ಕೆಲಸ ಮಾಡುವವರಿಗೆ ತಾನಾಗಿ ಸುತ್ತಿಕೊಂಡು ಎಳೆದ ಕ್ಷಣ ಹಿಡಿಯುವ ರಿಟ್ರ್ಯಾಕ್ಟೆಬಲ್ ಬ್ಲಾಕುಗಳು. ನಾನೇ ಆರಿಸಿ ತರಿಸಿದ ಬ್ಲಾಕಿನ ಫೋಟೋ ಹಾಕಿದ್ದೇನೆ, ನೋಡಿ. ಊರಲ್ಲಿ ಇನ್ನೂ ಟರ್ನ್‌ಬಕಲ್ ತಿರುಗಿಸುತ್ತಾ ಕೂತಿದ್ದಾರೆಂದರೆ ಬೇಸರವಾಗುತ್ತದೆ.

ತುಮಕೂರು_ಸೆಂಟ್ರಿಂಗ್:
ಕುಂದಾಪುರದವರೇ, ಆ ಒಂದು ಬ್ಲಾಕಿನ ಬೆಲೆಗೆ ಇಲ್ಲಿನ ಸಬ್-ಕಾಂಟ್ರಾಕ್ಟರ್ ತನ್ನ ಇಡೀ ತಂಡಕ್ಕೆ ಬೆಲ್ಟು ಕೊಡಿಸಿ ಸುಮ್ಮನಾಗುತ್ತಾನೆ. ಅವರು ಕೇಳಿರುವುದು ಇರುವ ಸಾಮಾನಿನಲ್ಲಿ ಏನು ಮಾಡಬಹುದೆಂದು.

ದೋಹಾ_ಕುಂದಾಪುರಿಗ:
ಹಣದ ಮಾತೇ ಆದರೆ ಅಂಚಿಗೆ ನೆಟ್ ಕಟ್ಟಿಸಲಿ, ಅದು ಅಗ್ಗ. ಊರಿಗೆ ಬಂದಾಗ ನೋಡುತ್ತೇನೆ, ಎಲ್ಲ ಕಟ್ಟಡಗಳಿಗೂ ಹಸಿರು ನೆಟ್ ಇದ್ದೇ ಇರುತ್ತದೆ.

ತೂಗುಗುಂಡು:
ಇಲ್ಲಿ ಒಂದು ಮಾತು ಹೇಳಲೇಬೇಕು. ಆ ಹಸಿರು ನೆಟ್ ಧೂಳನ್ನು, ಸಿಮೆಂಟ್ ಚೂರುಗಳನ್ನು ತಡೆಯುವ ಬಟ್ಟೆ. ಅದರ ಮೇಲೆ ಮನುಷ್ಯ ಬಿದ್ದರೆ ಹರಿದುಕೊಂಡು ಕೆಳಗೆ ಹೋಗುತ್ತಾನೆ. ಮನುಷ್ಯನನ್ನು ಹಿಡಿಯುವ ಬಲೆಯೇ ಬೇರೆ. ಅದಕ್ಕೆ ಭಾರತದಲ್ಲಿ ಐಎಸ್ 11057, ಯುರೋಪಿನಲ್ಲಿ ಇಎನ್ 1263 ಎಂಬ ಮಾನದಂಡಗಳಿವೆ. ಯುರೋಪಿನ ಕ್ರಮದಂತೆ ಕೆಲಸದ ಮಟ್ಟಕ್ಕಿಂತ 6 ಮೀಟರ್ ಕೆಳಗೆ ಬಲೆ ಕಟ್ಟಿದರೆ ಅದು ಅಂಚಿನಿಂದ ಕನಿಷ್ಠ 3 ಮೀಟರ್ ಹೊರಗೆ ಚಾಚಿರಬೇಕು, ಏಕೆಂದರೆ ಬೀಳುವವನು ಗೋಡೆಗುಂಟ ನೇರವಾಗಿ ಇಳಿಯುವುದಿಲ್ಲ. ಬಿಸಿಲಿಗೆ ನೂಲು ಸವೆಯುತ್ತದೆಂದು ಪರೀಕ್ಷೆಗಾಗಿಯೇ ಒಂದು ತುಂಡನ್ನು ಬಲೆಗೆ ಸೇರಿಸಿ ಕಟ್ಟಿರುತ್ತಾರೆ. ಕಾಲಕಾಲಕ್ಕೆ ಅದನ್ನು ಬಿಚ್ಚಿ ಎಳೆದು ನೋಡುತ್ತಾರೆ. ಹಸಿರು ನೆಟ್ಟನ್ನು ಸುರಕ್ಷತಾ ಬಲೆ ಎಂದು ಕರೆಯುವುದನ್ನು ದಯವಿಟ್ಟು ಬಿಡಿ, ಕೂಲಿಯವರು ಅದನ್ನು ನಂಬಿ ಒರಗುತ್ತಾರೆ.

ಇನ್ನು ಮೂಲ ಪ್ರಶ್ನೆ. ಹುಬ್ಬಳ್ಳಿಯವರೇ, ಬಣ್ಣದ ಗುರುತು ಸರಿದಿಲ್ಲವೆಂದ ಮೇಲೆ ಕ್ಲಿಪ್ಪಿನ ಮಾತು ಅಲ್ಲಿಗೆ ಮುಗಿಯಿತು. ಹಗ್ಗದ ತುದಿಗಳನ್ನು ಕಟ್ಟಿರುವ ಕಂಬಗಳ ಪಕ್ಕದಲ್ಲಿ ಮೇಸ್ತ್ರಿಯ ತೂಗುಗುಂಡನ್ನು ಇಳಿಬಿಟ್ಟು ನೋಡಿ. ಕಂಬ ಎಂಥದು ಎಂಬುದನ್ನೂ ತಿಳಿಸಿ.

ಹುಬ್ಬಳ್ಳಿ_ಸೈಟ್:
ತೂಗುಗುಂಡಿನಲ್ಲಿ ನೋಡಿಸಿದೆ. ಎರಡೂ ತುದಿಯ ಕಂಬಗಳ ತಲೆ ಒಳಮುಖವಾಗಿ ಎರಡು ಬೆರಳಿನಷ್ಟು ಬಾಗಿದೆ, ನಡುವಿನವು ನೆಟ್ಟಗಿವೆ. ಕಂಬವೆಂದರೆ ಸ್ಕ್ಯಾಫೋಲ್ಡಿಂಗಿನ 40 ಮಿ.ಮೀ. ಪೈಪು, ಒಂದು ಮೀಟರ್ ಎತ್ತರ, ಬುಡದಲ್ಲಿ ಸ್ಲ್ಯಾಬ್ ಅಂಚಿಗೆ ಕಚ್ಚುವ ಸಿ-ಕ್ಲಾಂಪು. ಹಾಗಾದರೆ ತುದಿಯಲ್ಲಿ ಇನ್ನೂ ದಪ್ಪ ಪೈಪು ನಿಲ್ಲಿಸಿ, ಹಿಂದಿನಿಂದ ಓರೆ ಆಸರೆ ಕೊಟ್ಟರೆ ಸಾಕೇ?

ರಿಗ್ಗರ್_ಕಾರವಾರ:
ಆಸರೆ ಕೊಡಿ, ಜೊತೆಗೆ ಕ್ಲಿಪ್ಪನ್ನೂ ನಾಲ್ಕು ಮಾಡಿ.

ತೂಗುಗುಂಡು:
ಆಸರೆ ಕೊಡುವ ಮೊದಲು ಲೆಕ್ಕ ನೋಡೋಣ. ಆ ಗಾತ್ರದ ಪೈಪಿನ ತಲೆಯನ್ನು ಒಂದು ಮೀಟರ್ ಎತ್ತರದಲ್ಲಿ ಪಕ್ಕಕ್ಕೆ ಎಳೆದರೆ ಸುಮಾರು 120 ಕಿಲೋ ಎಳೆತಕ್ಕೇ ಬುಡದಲ್ಲಿ ಬಾಗಿ, ಮತ್ತೆ ನೆಟ್ಟಗಾಗದೆ ಉಳಿಯುತ್ತದೆ. ಟರ್ನ್‌ಬಕಲ್ ಇಟ್ಟು ಒಬ್ಬ ಆಳು ಅದಕ್ಕಿಂತ ಎಷ್ಟೋ ಹೆಚ್ಚು ಎಳೆಯಬಲ್ಲ. ಅಂದರೆ ನೀವು ಪ್ರತಿದಿನ ಬೆಳಿಗ್ಗೆ ಬಿಗಿಯುತ್ತಿರುವುದು ಹಗ್ಗವನ್ನಲ್ಲ, ಕಂಬವನ್ನು ಬಾಗಿಸುತ್ತಿದ್ದೀರಿ.

ಮನುಷ್ಯ ಬಿದ್ದಾಗಿನ ಎಳೆತ ಇದಕ್ಕಿಂತ ಬಹಳ ದೊಡ್ಡದು. ಹಾರ್ನೆಸ್ಸನ್ನು ಲೈಫ್‌ಲೈನಿಗೆ ಸಿಕ್ಕಿಸುವ ಲ್ಯಾನ್‌ಯಾರ್ಡಿನಲ್ಲಿ ಎಳೆತ ತಗ್ಗಿಸುವ ಶಾಕ್ ಅಬ್ಸಾರ್ಬರ್ ಇದ್ದರೂ ಅದು 6 ಕಿಲೋನ್ಯೂಟನ್, ಅಂದರೆ ಸುಮಾರು 600 ಕಿಲೋ ತೂಕದಷ್ಟು ಬಲವನ್ನು ಹಗ್ಗದ ಮೇಲೆ ಬಿಡಬಹುದು. ಆ ಬಲ ಹಗ್ಗದ ನಡುವೆ ಬಿದ್ದಾಗ ಹಗ್ಗ ಎರಡೂ ಕಡೆ ಮಟ್ಟದಿಂದ 10 ಡಿಗ್ರಿ ಇಳಿದರೆ ಪ್ರತಿ ತುದಿಗೆ ಸುಮಾರು 1,700 ಕಿಲೋ ಎಳೆತ ಬರುತ್ತದೆ; ಬಿಗಿದದ್ದು ಹೆಚ್ಚಾಗಿ 5 ಡಿಗ್ರಿ ಮಾತ್ರ ಇಳಿದರೆ 3,400 ಕಿಲೋ ದಾಟುತ್ತದೆ. 8 ಮಿ.ಮೀ. ಹಗ್ಗ ಹರಿಯುವುದೇ 3,500ರಿಂದ 4,000 ಕಿಲೋ ಆಸುಪಾಸಿನಲ್ಲಿ, ಕ್ಲಿಪ್ಪಿನ ಕಣ್ಣಿನಲ್ಲಿ ಅದರ ಬಲ ಇನ್ನೂ ಕಡಿಮೆ. ಆದ್ದರಿಂದ ಹಗ್ಗ ತುಸು ಜೋತಿರುವುದು ದೋಷವಲ್ಲ, ನೆಟ್ಟಗೆ ಬಿಗಿದಷ್ಟೂ ತುದಿಗಳ ಮೇಲಿನ ಭಾರ ಏರುತ್ತದೆ. ತಪಾಸಕರು ಇದನ್ನು ಬರೆದಿದ್ದರೆ ಚೆನ್ನಾಗಿತ್ತು.

ಈಗ ಮೂರು ವಿಷಯ ಹೇಳಿ: ಮಹಡಿಯಿಂದ ಮಹಡಿಗೆ ಎತ್ತರವೆಷ್ಟು, ಲ್ಯಾನ್‌ಯಾರ್ಡಿನ ಉದ್ದವೆಷ್ಟು, ಅಂಚಿನ ನೇರ ಕೆಳಗೆ ಏನಿದೆ?

ಹುಬ್ಬಳ್ಳಿ_ಸೈಟ್:
ಎತ್ತರ ಎಲ್ಲ ಕಡೆ ಇರುವಷ್ಟೇ, 2.9 ಮೀಟರ್. ಲ್ಯಾನ್‌ಯಾರ್ಡ್ 1.8 ಮೀಟರ್, ಅಬ್ಸಾರ್ಬರ್ ಇದೆ. ಬಾಲ್ಕನಿಗಳು ಒಂದು ಮಹಡಿ ಬಿಟ್ಟು ಒಂದರಲ್ಲಿ ಹೊರಗೆ ಚಾಚಿವೆ, ಹಾಗಾಗಿ ಈಗ ಕೆಲಸ ನಡೆಯುತ್ತಿರುವ ಅಂಚಿನ ಕೆಳಗೆ ಕೆಳಮಹಡಿಯ ಬಾಲ್ಕನಿ ಬರುತ್ತದೆ. ಅದಕ್ಕೂ ಹಗ್ಗ ಜೋಲುವುದಕ್ಕೂ ಏನು ಸಂಬಂಧ?

ತೂಗುಗುಂಡು:
ಜೋಲುವುದಕ್ಕೆ ಸಂಬಂಧವಿಲ್ಲ, ಬೀಳುವವನಿಗೆ ಇದೆ. ಹಗ್ಗ ಸ್ಲ್ಯಾಬಿನಿಂದ 1 ಮೀಟರ್ ಮೇಲಿದೆ. ಕೂಲಿಯವನು ಅಂಚಿನಿಂದ ಕಾಲು ಜಾರಿದಾಗ 1.8 ಮೀಟರ್ ಲ್ಯಾನ್‌ಯಾರ್ಡ್ ಪೂರ್ತಿ ನೀಳವಾಗುವ ಹೊತ್ತಿಗೆ ಅವನ ಬೆನ್ನಿನ ರಿಂಗು ಸ್ಲ್ಯಾಬಿಗಿಂತ 0.8 ಮೀಟರ್ ಕೆಳಗಿರುತ್ತದೆ. ಅಬ್ಸಾರ್ಬರಿನ ಹೊಲಿಗೆ ಬಿಚ್ಚಿಕೊಳ್ಳುತ್ತಾ ಇನ್ನೊಂದು ಮೀಟರ್ ಇಳಿಸುತ್ತದೆ ಎಂದುಕೊಳ್ಳೋಣ, ಯುರೋಪಿನ ಮಾನದಂಡದಲ್ಲಿ ಅದು ಒಂದೂಮುಕ್ಕಾಲು ಮೀಟರ್‌ವರೆಗೂ ಹೋಗಬಹುದು. ರಿಂಗಿನಿಂದ ಪಾದದವರೆಗೆ ಒಂದೂವರೆ ಮೀಟರ್. ಒಟ್ಟು ಸ್ಲ್ಯಾಬಿನಿಂದ ಪಾದಕ್ಕೆ 3.3 ಮೀಟರ್ ಆಯಿತು, ನಿಮ್ಮ ಬಾಲ್ಕನಿ 2.9 ಮೀಟರಿಗೇ ಇದೆ. ಹಗ್ಗ ಒಂದಿಷ್ಟೂ ತಗ್ಗದೆ ಕಬ್ಬಿಣದ ಸಲಾಕೆಯಂತೆ ನಿಂತರೂ ಅವನು ಬಾಲ್ಕನಿಗೆ ಬಡಿಯುತ್ತಾನೆ. ಹಗ್ಗದ ತಗ್ಗನ್ನೂ, ರೂಢಿಯಲ್ಲಿ ಬಿಡುವ 1 ಮೀಟರ್ ಅಂತರವನ್ನೂ ಸೇರಿಸಿದರೆ ಐದು ಮೀಟರಿನಷ್ಟು ಖಾಲಿ ಜಾಗ ಬೇಕಾಗುತ್ತದೆ.

ಹೀಗಾಗಿ ನಿಮ್ಮ ಅಂಚಿಗೆ ಬೇಕಾಗಿರುವುದು ಬಿದ್ದವನನ್ನು ಹಿಡಿಯುವ ವ್ಯವಸ್ಥೆಯಲ್ಲ, ಬೀಳದಂತೆ ತಡೆಯುವ ಕಟಕಟೆ. ಅದೇ ಪೈಪು, ಅದೇ ಸಿ-ಕ್ಲಾಂಪು ಇದಕ್ಕೆ ಸಾಕು. ಅಮೆರಿಕದ ನಿಯಮದಲ್ಲಿ ಕಟಕಟೆಯ ಮೇಲಿನ ಪಟ್ಟಿ 890 ನ್ಯೂಟನ್, ಅಂದರೆ ಸುಮಾರು 90 ಕಿಲೋ ಒತ್ತಡ ತಡೆಯಬೇಕು. 120 ಕಿಲೋಗೆ ಬಾಗುವ ನಿಮ್ಮ ಪೈಪು ಲೈಫ್‌ಲೈನಿನ ಕಂಬವಾಗಿ ಕೆಲಸಕ್ಕೆ ಬಾರದು, ಕಟಕಟೆಯ ಕಂಬವಾಗಿ ನಿಲ್ಲುತ್ತದೆ. ಕ್ಲಾಂಪಿನ ಹಿಡಿತವನ್ನು ಮಾತ್ರ ಒಬ್ಬರು ಒದ್ದು, ಎಳೆದು ನೋಡಲೇಬೇಕು. ಸುಮಾರು ಎರಡು ಮೀಟರಿಗೊಂದು ಕಂಬ, 1 ಮೀಟರಿಗೆ ಕಡಿಮೆಯಿಲ್ಲದ ಎತ್ತರದಲ್ಲಿ ಮೇಲಿನ ಪೈಪು, ಅದರರ್ಧಕ್ಕೆ ನಡುವಿನ ಪೈಪು, ಬುಡದಲ್ಲಿ 150 ಮಿ.ಮೀ. ಹಲಗೆ. ಆ ಹಲಗೆ ಇಲ್ಲದಿದ್ದರೆ ಕಂಬಿ ಬಗ್ಗಿಸುವ ಕೀಲಿಯೋ ಕ್ಲಾಂಪೋ ಕಾಲಿಗೆ ತಾಗಿ ಕೆಳಗಿರುವವನ ತಲೆಯ ಮೇಲೆ ಬೀಳುತ್ತದೆ.

ರಿಗ್ಗರ್_ಕಾರವಾರ:
ಕಟಕಟೆಯೇ ಸಾಕೆನ್ನುವುದಾದರೆ ಕಟಕಟೆ ಕಟ್ಟುವವನನ್ನು ಯಾರು ಹಿಡಿಯುತ್ತಾರೆ? ಅವನಿಗಾದರೂ ಲೈಫ್‌ಲೈನ್ ಬೇಕಲ್ಲ. ಅದನ್ನು ತಲೆಯ ಮೇಲಿನ ಎತ್ತರದಲ್ಲಿ ಕಾಲಮ್ಮಿನಿಂದ ಕಾಲಮ್ಮಿಗೆ ಕಟ್ಟಿ, ಕ್ಲಿಪ್ ಸರಿಯಾಗಿ ಹಾಕಿದರೆ ನಿಮ್ಮ ಲೆಕ್ಕದ ಅರ್ಧ ಭಾಗ ಹೋಗುತ್ತದೆ.

ತುಮಕೂರು_ಸೆಂಟ್ರಿಂಗ್:
ಮೇಲೆ ಕಟ್ಟಿದರೆ ಬೀಳುವ ದೂರ ಕಡಿಮೆಯಾಗುತ್ತದೆ, ಅಷ್ಟು ನಿಜ. ಆದರೆ ಹೊಸ ಸ್ಲ್ಯಾಬಿನ ಮೇಲೆ ಕಾಲಮ್ ಎಲ್ಲಿದೆ ಸರ್, ಮೇಲೆದ್ದ ಕಂಬಿಗಳು ಮಾತ್ರ ಇರುತ್ತವೆ. ನಮ್ಮ ಹುಡುಗರು ಹುಕ್ಕನ್ನು ತೆಗೆದುಕೊಂಡು ಹೋಗಿ ಒಂದೇ ಕಂಬಿಯ ತುದಿಗೆ ನೇತುಹಾಕುತ್ತಾರೆ, ಎಳೆದರೆ ಅದು ಮೇಲಿನಿಂದ ಜಾರಿ ಬರುತ್ತದೆ. ನಾನು ಮಾಡಿಸುವುದು ಹೀಗೆ: ಕಾಲಮ್ಮಿನ ಇಡೀ ಕಂಬಿಗುಚ್ಛಕ್ಕೆ ಬುಡದಲ್ಲಿ ಸ್ಲಿಂಗ್ (ತುದಿಯಲ್ಲಿ ಕುಣಿಕೆಯಿರುವ ಗಟ್ಟಿ ಹಗ್ಗ) ಸುತ್ತಿ, ಅಂಚಿಗೆ ಹೋಗಲಾಗದಷ್ಟು ಗಿಡ್ಡ ಹಗ್ಗ ಕೊಡುವುದು. ಕೈ ಅಂಚನ್ನು ಮುಟ್ಟಬೇಕು, ಕಾಲು ಮುಟ್ಟಬಾರದು. ಬೀಳುವುದೇ ಇಲ್ಲವಾದ್ದರಿಂದ 600 ಕಿಲೋ ಮಾತೂ ಬರುವುದಿಲ್ಲ.

ಇನ್ನೊಂದು ವಿಷಯ, ಯಾರೂ ಕೇಳಿಲ್ಲ. ಡಕ್ಟ್ (ಪೈಪುಗಳು ಹಾಯುವ ಕಿಂಡಿ) ಮತ್ತು ಲಿಫ್ಟ್ ಗುಂಡಿಗಳ ಬಾಯಿ ಹೇಗೆ ಮುಚ್ಚಿದ್ದೀರಿ? ಪ್ಲೈವುಡ್ ತುಂಡನ್ನು ಸುಮ್ಮನೆ ಹಾಸಿಟ್ಟಿದ್ದರೆ ಅದು ಬಾಯಿ ತೆರೆದಿರುವುದಕ್ಕಿಂತ ಅಪಾಯ. ಶಟರಿಂಗಿಗೆ ಪ್ಲೈ ಬೇಕೆಂದು ಒಬ್ಬ ಬಂದು ಎರಡು ಕೈಯಲ್ಲಿ ಅದನ್ನು ಎತ್ತಿ ಎದೆಗೊತ್ತಿಕೊಳ್ಳುತ್ತಾನೆ, ಹಲಗೆ ಅಡ್ಡವಾಗಿರುವುದರಿಂದ ಮುಂದಿನ ಹೆಜ್ಜೆ ಎಲ್ಲಿಗೆಂದು ಅವನಿಗೆ ಕಾಣುವುದಿಲ್ಲ. ಮೊಳೆ ಹೊಡೆದು ಕೂರಿಸಿ, ಮೇಲೆ ಕೆಂಪು ಬಣ್ಣದಲ್ಲಿ "ಕೆಳಗೆ ಗುಂಡಿ" ಎಂದು ಕನ್ನಡದಲ್ಲೂ ಹಿಂದಿಯಲ್ಲೂ ಬರೆಸಿ. ಐಎಸ್ 4912 ಇರುವುದೇ ಇಂಥ ತೆರಪುಗಳಿಗಾಗಿ.

ದೋಹಾ_ಕುಂದಾಪುರಿಗ:
ನಮ್ಮಲ್ಲಿ ಗುಂಡಿಗಳಿಗೆ ಕಾಂಕ್ರೀಟಿನೊಳಗೇ ಕಂಬಿಯ ಜಾಲರಿ ಬಿಟ್ಟು, ಪೈಪಿನ ಕೆಲಸ ಬಂದಾಗ ಮಾತ್ರ ಕತ್ತರಿಸುತ್ತಾರೆ. ಇದಕ್ಕೆ ಹೆಚ್ಚು ಖರ್ಚಿಲ್ಲ, ಬೇಕಾದರೆ ನೋಡಿ.

ತುಮಕೂರು_ಸೆಂಟ್ರಿಂಗ್:
ಇದು ಒಳ್ಳೆಯ ಮಾತು. ಮೊದಲೇ ಇದನ್ನು ಹೇಳಬಹುದಿತ್ತು.

ಹುಬ್ಬಳ್ಳಿ_ಸೈಟ್:
ಮುಂಭಾಗಕ್ಕೂ ಹಿಂಭಾಗಕ್ಕೂ ಕಟಕಟೆ ಕಟ್ಟಿಸಿದೆ, ಲೈಫ್‌ಲೈನನ್ನು ಪೂರ್ತಿ ತೆಗೆಸಿದೆ. ಕಂಬಿ ಕಟ್ಟುವವರು ಈಗ ಹುಕ್ಕಿನ ಗೊಡವೆಯಿಲ್ಲದೆ ಕೆಲಸ ಮಾಡುತ್ತಿದ್ದಾರೆ. ಡಕ್ಟುಗಳ ಪ್ಲೈಗೆ ಮೊಳೆ ಹೊಡೆಸಿದ್ದೇನೆ. ಸಾಮಾನು ಮೇಲೆತ್ತುವ ಯಂತ್ರ, ಮೆಟೀರಿಯಲ್ ಹಾಯಿಸ್ಟ್, ಬರುವ ಬದಿಯೊಂದು ಉಳಿದಿದೆ: ಅಲ್ಲಿ ಕಟಕಟೆ ಕಟ್ಟಿದರೆ ಇಟ್ಟಿಗೆ, ಗಾರೆ ಒಳಗೆ ಬರುವಂತಿಲ್ಲ, ಬಿಟ್ಟರೆ ಇಡೀ ದಿನ ಬಾಯಿ ತೆರೆದಿರುತ್ತದೆ. ಸಾಮಾನು ಎಳೆದುಕೊಳ್ಳುವವನು ಹೊರಗೆ ಬಗ್ಗಿಯೇ ಎಳೆಯುತ್ತಾನೆ.

ತೂಗುಗುಂಡು:
ಅಲ್ಲಿ ಒಳಕ್ಕೆ ಮಾತ್ರ ತೆರೆಯುವ, ಬಿಟ್ಟೊಡನೆ ತಾನೇ ಮುಚ್ಚಿಕೊಳ್ಳುವ ಗೇಟು ಹಾಕಿಸಿ. ಹಾಯಿಸ್ಟ್ ಮಹಡಿಗೆ ಬಂದು ನಿಂತ ಮೇಲೆ ತೆರೆಯಬೇಕು. ತೊಟ್ಟಿಗೂ ಸ್ಲ್ಯಾಬಿಗೂ ನಡುವಿನ ಸಂದಿಗೆ ಹಲಗೆ ಇಟ್ಟರೆ ಬಗ್ಗುವ ಅಗತ್ಯವೇ ಕಡಿಮೆಯಾಗುತ್ತದೆ. ಎಳೆದುಕೊಳ್ಳುವವನಿಗೆ ತುಮಕೂರಿನವರು ಹೇಳಿದ ಗಿಡ್ಡ ಹಗ್ಗ ಇರಲಿ, ಅದನ್ನು ಹಿಂದಿರುವ ಕಾಂಕ್ರೀಟ್ ಹಾಕಿ ಮುಗಿದ ಕಾಲಮ್ಮಿಗೆ ಸ್ಲಿಂಗ್ ಸುತ್ತಿ ಕಟ್ಟಿ. ಆ ಒಂದು ಜಾಗದಲ್ಲಿ ಯಾರು ನಿಲ್ಲುತ್ತಾರೆಂಬುದನ್ನು ಬೆಳಿಗ್ಗೆಯೇ ಹೆಸರು ಹೇಳಿ ನಿಗದಿ ಮಾಡಿ, ಬಂದವರೆಲ್ಲ ಕೈ ಹಾಕುವಂತಾಗಬಾರದು.

ರಿಗ್ಗರ್_ಕಾರವಾರ:
ಆ ಸ್ಲಿಂಗಿನ ತುದಿಗೆ ಯು-ಕ್ಲಿಪ್ ಹಾಕುತ್ತೀರೋ, ಕಾರ್ಖಾನೆಯಲ್ಲೇ ಒತ್ತಿದ ಕಣ್ಣು ಇರುವುದನ್ನು ತರುತ್ತೀರೋ?

ಹುಬ್ಬಳ್ಳಿ_ಸೈಟ್:
ಕಣ್ಣು ಒತ್ತಿದ್ದನ್ನೇ ತರಿಸುತ್ತೇನೆ ರಿಗ್ಗರ್ ಅವರೇ. ಹಾಯಿಸ್ಟ್ ಗೇಟಿಗೆ ತಾನೇ ಮುಚ್ಚುವ ಕೀಲು ಹುಬ್ಬಳ್ಳಿಯಲ್ಲಿ ಎಲ್ಲಿ ಸಿಗುತ್ತದೆಂದು ಗೊತ್ತಿದ್ದವರು ತಿಳಿಸಿ.