ಮಿಕ್ಸಿ ಹಚ್ಚಿದರೆ ಫ್ರಿಜ್ ಬಂದ್, ಬಾಗಿಲು ಮುಟ್ಟಿದರೆ ಜುಮ್ಮ್: ಟ್ರೇಲರ್ ಕರೆಂಟ್ ಸಮಸ್ಯೆ

ಗುಮ್ಮಟದೂರು:
ನಮಸ್ಕಾರ, ವಿಜಯಪುರದವನು. ಬೆಳಗಾವಿ ಕಡೆ ಒಂದು ಶೆಡ್‌ನಲ್ಲಿ ಮಾಡಿಸಿದ ಸಣ್ಣ ಕ್ಯಾರವಾನ್ ಟ್ರೇಲರ್ ಇದೆ. 12 ವೋಲ್ಟ್ 150 ಎಎಚ್ (ಆಂಪಿಯರ್-ಅವರ್) ಟ್ಯೂಬುಲರ್ ಬ್ಯಾಟರಿ, 1000 ವ್ಯಾಟ್ ಇನ್ವರ್ಟರ್, 12 ವೋಲ್ಟಿನ ಕಂಪ್ರೆಸರ್ ಫ್ರಿಜ್, ಮೇಲೆ 200 ವ್ಯಾಟ್ ಸೋಲಾರ್. ಈಗ ಪಟ್ಟದಕಲ್ಲು ಹತ್ತಿರ ಪರಿಚಯದವರ ಹೊಲದಲ್ಲಿ ನಿಲ್ಲಿಸಿದ್ದೇನೆ.

ಶೇಂಗಾ ಚಟ್ನಿಗೆ ಮಿಕ್ಸಿ ಹಚ್ಚಿದರೆ ಇನ್ವರ್ಟರ್ ಕೂಗಿಕೊಂಡು ಆಫ್ ಆಗುತ್ತದೆ. ಜೊತೆಗೆ ಫ್ರಿಜ್ಜೂ ನಿಲ್ಲುತ್ತದೆ. ಅದರ ಕಂಪ್ರೆಸರ್ ಪಕ್ಕದ ಕೆಂಪು ಲೈಟ್ ಒಂದೊಂದೇ ಸಲ ಮಿನುಗುತ್ತದೆ. ಸ್ವಲ್ಪ ಹೊತ್ತಿಗೆ ತಾನೇ ಶುರುವಾಗುತ್ತದೆ. ಬ್ಯಾಟರಿಗೆ ಮೀಟರ್ ಹಿಡಿದರೆ 12.6 ಇದೆ. ಅಂಗಡಿಯವರು ಬ್ಯಾಟರಿ ಹೋಗಿದೆ, ಲಿಥಿಯಂ ಹಾಕಿಸಿ ಅಂತಾರೆ.

ಇನ್ನೊಂದು ವಿಷಯ. ಪಂಪ್‌ಸೆಟ್ ಮನೆಯಿಂದ ವೈರ್ ಎಳೆದು ಚಾರ್ಜರ್ ಹಾಕಿದಾಗ ಬರಿಗಾಲಲ್ಲಿ ಟ್ರೇಲರ್ ಬಾಗಿಲು ಮುಟ್ಟಿದರೆ ಜುಮ್ಮ್ ಅನ್ನುತ್ತದೆ. ಚಪ್ಪಲಿ ಹಾಕಿದ್ದರೆ ಏನೂ ಇಲ್ಲ.

ಉದ್ಯಮಬಾಗ್ ವೈರಿಂಗ್:
ಫ್ರಿಜ್ ಆಮೇಲೆ ನೋಡೋಣ. ಮೊದಲು ಆ ಪ್ಲಗ್ ಕಿತ್ತುಬಿಡಿ. ಸುಮ್ನೆ ಜುಮ್ಮ್ ತಾನೇ ಅಂತ ಬಿಡುವ ವಿಷಯ ಅಲ್ಲ ಇದು.

ಚಾರ್ಜರ್ ಒಳಗಿನ ಫಿಲ್ಟರ್‌ನಿಂದ ಒಂಚೂರು ಕರೆಂಟ್ ಟ್ರೇಲರಿನ ಲೋಹದ ಮೈಗೆ ಸೋರುವುದು ಮಾಮೂಲಿ. ಅರ್ತಿಂಗ್ ಇದ್ದರೆ ಅದು ನೆಲಕ್ಕೆ ಹೋಗುತ್ತದೆ. ಇಲ್ಲದಿದ್ದರೆ ನಿಮ್ಮ ಮೂಲಕ ಹೋಗುತ್ತದೆ. ಇವತ್ತು ಸೋರಿಕೆ ಅಷ್ಟೇ, ನಾಳೆ ಒಂದು ವೈರ್ ಉಜ್ಜಿ ಫೇಸ್ ಆ ಮೈಗೆ ತಾಗಿದರೆ ಪೂರ್ತಿ 230 ಬಾಗಿಲಲ್ಲೇ ನಿಂತಿರುತ್ತದೆ.

ಟ್ರೇಲರಿನ ವೈರ್ ಕಿತ್ತಿಟ್ಟು, ಎಲೆಕ್ಟ್ರಿಷಿಯನ್ ಕೈಲಿ ಹೊಲದ ಸಾಕೆಟ್ ಅಳೆಸಿ. ಫೇಸ್-ನ್ಯೂಟ್ರಲ್ ಎಷ್ಟು ಬರುತ್ತದೋ ಫೇಸ್-ಅರ್ತ್ ಕೂಡ ಹೆಚ್ಚುಕಡಿಮೆ ಅಷ್ಟೇ ಬರಬೇಕು. ನ್ಯೂಟ್ರಲ್-ಅರ್ತ್ ಒಂದೆರಡು ವೋಲ್ಟ್ ಒಳಗಿರಬೇಕು. ಮೀಟರ್ ಒಂದನ್ನೇ ನಂಬಬೇಡಿ, ಟೆಸ್ಟ್ ಲ್ಯಾಂಪ್ ಕೂಡ ಹಿಡಿಯಲಿ. ನೆಲದಲ್ಲಿ ಅರ್ತಿಂಗ್ ರಾಡ್ ಇದ್ದರೂ ಬೇಸಿಗೆಯಲ್ಲಿ ನಮ್ಮ ಎರೆ ಮಣ್ಣು ಬಿರುಕು ಬಿಟ್ಟು ರಾಡ್ ಸುತ್ತ ಖಾಲಿ ಜಾಗ ಆಗಿರುತ್ತದೆ. ಆಗ ಮೀಟರ್ 230 ತೋರಿಸಿದರೂ ಬಲ್ಬ್ ಮಂಕಾಗಿ ಉರಿಯುತ್ತದೆ. ಟ್ರೇಲರ್‌ಗೆ ವೈರ್ ಬರುವ ಕಡೆ 30 ಮಿಲಿಆಂಪಿಯರಿನ ಆರ್‌ಸಿಸಿಬಿ (ಕರೆಂಟ್ ಸೋರಿದರೆ ತಾನೇ ಸಪ್ಲೈ ಕಡಿಯುವ ಸ್ವಿಚ್) ಇದೆಯಾ?

ಈಗ ಫ್ರಿಜ್. ಒಂದು ಮಿನುಗು ಅಂದರೆ ಸಾಮಾನ್ಯವಾಗಿ ವೋಲ್ಟೇಜ್ ಕಡಿಮೆ ಅಂತ. ಇನ್ವರ್ಟರ್ ಕೂಗುವುದೂ ಅದಕ್ಕೇ. ಎರಡೂ ಒಟ್ಟಿಗೆ ನಿಂತರೆ ಎರಡಕ್ಕೂ ಒಂದೇ ಆಗಿರುವ ದಾರಿಯಲ್ಲಿ ಅನುಮಾನ ಪಡಬೇಕು. ಲೋಡ್ ಇಲ್ಲದಾಗಿನ 12.6 ನೋಡಿ ಉಪಯೋಗ ಇಲ್ಲ. ಮಿಕ್ಸಿ ತಿರುಗುವಾಗ ಅಳೆಯಿರಿ. ಮೀಟರಿನ ಒಂದು ಕಡ್ಡಿ ಬ್ಯಾಟರಿಯ ಮೈನಸ್ ಪೋಸ್ಟ್ ಮೇಲೆ (ಲಗ್, ಅಂದರೆ ವೈರ್ ತುದಿಯ ಲೋಹದ ಬಳೆ ಮೇಲಲ್ಲ, ಸೀಸದ ಪೋಸ್ಟ್ ಮೇಲೇ), ಇನ್ನೊಂದು ಇನ್ವರ್ಟರಿನ ಮೈನಸ್ ಮೇಲೆ. ಪ್ಲಸ್ ಕಡೆಗೂ ಹಾಗೇ. ಬರುವ ಸಂಖ್ಯೆ ಆ ದಾರಿಯಲ್ಲಿ ಕಳೆದುಹೋಗುವ ವೋಲ್ಟೇಜ್. ಎರಡೂ ಸೇರಿ 0.4 ದಾಟಬಾರದು. ಬ್ಯಾಟರಿ ಪೋಸ್ಟ್‌ಗಳ ನಡುವೆಯೇ 11ಕ್ಕಿಂತ ಕೆಳಗೆ ಬಿದ್ದರೆ ಮಾತ್ರ ಅಂಗಡಿಯವರ ಮಾತು ಕೇಳಿ.

ಗುಮ್ಮಟದೂರು:
ಅಳೆದೆ. ಪೋಸ್ಟ್‌ಗಳ ನಡುವೆ 12.1. ಪ್ಲಸ್ ಕಡೆ 0.2, ಮೈನಸ್ ಕಡೆ 1.7! ಆರ್‌ಸಿಸಿಬಿ ಇಲ್ಲ.

ಉದ್ಯಮಬಾಗ್ ವೈರಿಂಗ್:
ಸಿಕ್ಕಿತಲ್ಲ. ಅಂದರೆ ಇನ್ವರ್ಟರಿಗೆ ತಲುಪುವುದು 10.2. ಅದು ಆಫ್ ಆಗದೆ ಇನ್ನೇನು ಮಾಡುತ್ತದೆ? 500 ವ್ಯಾಟ್ ಮಿಕ್ಸಿಗೆ 12 ವೋಲ್ಟ್ ಕಡೆ 50 ಆಂಪಿಯರ್ ಹತ್ತಿರ ಹರಿಯುತ್ತದೆ. 1.7ಕ್ಕೆ ಗುಣಿಸಿ: 85 ವ್ಯಾಟ್ ಶಾಖ, ಅದೂ ಬಹುಶಃ ಒಂದೇ ಬೋಲ್ಟ್‌ನಲ್ಲಿ. ಮಾಮೂಲಿ ಸೋಲ್ಡರಿಂಗ್ ಐರನ್‌ಗಿಂತ ಜಾಸ್ತಿ. ಇನ್ವರ್ಟರ್ ಆಫ್ ಮಾಡಿ, ಮೈನಸ್ ವೈರ್ ಹಿಡಿದುಕೊಂಡು ಹೋಗಿ. ಅದನ್ನು ಚಾಸಿಗೆ (ಟ್ರೇಲರಿನ ಕಬ್ಬಿಣದ ಚೌಕಟ್ಟಿಗೆ) ಕಟ್ಟಿದ ಜಾಗ ನೋಡಿ.

ಮಲಪ್ರಭಾ ದಂಡೆ:
ನಡುವೆ ಬಾಯಿ ಹಾಕುತ್ತಿದ್ದೇನೆ. ಗಾಡಿಯಿಂದ ಟ್ರೇಲರ್‌ಗೆ ಚಾರ್ಜಿಂಗ್ ವೈರ್ ಇದ್ದರೆ ಅದನ್ನೂ ನೋಡಿ. ಲೈಟಿನ ಪ್ಲಗ್‌ನ ಸಣ್ಣ ವೈರ್‌ನಲ್ಲಿ ಅಷ್ಟು ದೂರಕ್ಕೆ ಚಾರ್ಜ್ ಸರಿಯಾಗಿ ಬರಲ್ಲ. ಈಗಿನ ಬಿಎಸ್-6 ಗಾಡಿಗಳಲ್ಲಿ ಎಷ್ಟೋ ಆಲ್ಟರ್ನೇಟರ್‌ಗಳು ತಾವೇ ವೋಲ್ಟೇಜ್ ಇಳಿಸುತ್ತವೆ. ಆ ವೋಲ್ಟೇಜನ್ನು ಬ್ಯಾಟರಿಗೆ ಬೇಕಾದಷ್ಟಕ್ಕೆ ಏರಿಸುವ ಡಿಸಿ-ಡಿಸಿ ಚಾರ್ಜರ್ ಬೇಕಾಗುತ್ತದೆ.

ಗುಮ್ಮಟದೂರು:
ನೀವು ಹೇಳಿದ ಜಾಗವೇ. ಬ್ಯಾಟರಿ ಮೈನಸ್ ಚಾಸಿಗೆ ಒಂದು ಬೋಲ್ಟ್, ಅಲ್ಲಿಂದಲೇ ಇನ್ವರ್ಟರಿಗೂ ಫ್ರಿಜ್ಜಿಗೂ. ಬಣ್ಣ ಕೆರೆಯದೆ ಬಣ್ಣದ ಮೇಲೇ ಲಗ್ ಕೂರಿಸಿದ್ದಾರೆ. ಲಗ್ ಕೆಳಗೆ ತುಕ್ಕಿನ ಪುಡಿ, ವೈರಿನ ತುದಿಯ ಇನ್ಸುಲೇಷನ್ ಕಪ್ಪಗಾಗಿ ಮುಟ್ಟಿದರೆ ಉದುರುತ್ತದೆ. ಬಾಗಲಕೋಟೆಯಿಂದ 25 ಸ್ಕ್ವೇರ್ ಎಂಎಂ ತಾಮ್ರದ ಕೇಬಲ್ ತರಿಸಿ ಬ್ಯಾಟರಿಯಿಂದ ಬಸ್‌ಬಾರ್‌ಗೆ (ಹಲವು ವೈರ್ ಒಟ್ಟಿಗೆ ಕಟ್ಟುವ ಲೋಹದ ಪಟ್ಟಿ), ಅಲ್ಲಿಂದ ಇನ್ವರ್ಟರಿಗೆ ನೇರ ಎಳೆಸಿದೆ. ಫ್ರಿಜ್ ಮೈನಸ್ ಕೂಡ ಬಸ್‌ಬಾರ್‌ಗೇ. ಚಾಸಿ ಬೋಲ್ಟಿನ ಬಣ್ಣ ಕೆರೆದು, ಬಿಗಿ ಮಾಡಿ, ಮೇಲೆ ಗ್ರೀಸ್. ಈಗ ಮೈನಸ್ ಕಡೆ 0.1.

ಹೊಲದ ಸಾಕೆಟ್‌ನಲ್ಲಿ ಅರ್ತ್ ಪಿನ್ನಿಗೆ ವೈರೇ ಇರಲಿಲ್ಲ. ಕಾಲುವೆ ಪಕ್ಕದ ಹಸಿ ಜಾಗದಲ್ಲಿ ರಾಡ್ ಹೊಡೆಸಿದ್ದಾರೆ. ಆರ್‌ಸಿಸಿಬಿ ಹಾಕಿಸಿದೆ, ಟೆಸ್ಟ್ ಬಟನ್ ಒತ್ತಿದರೆ ಟ್ರಿಪ್ ಆಗುತ್ತದೆ. ಜುಮ್ಮ್ ಇಲ್ಲ. ಹಾಗಾದರೆ ಲಿಥಿಯಂ ಬೇಡ್ವಾ?

ಉದ್ಯಮಬಾಗ್ ವೈರಿಂಗ್:
ಸದ್ಯಕ್ಕೆ ಬೇಡ. ಫ್ರಿಜ್ ಓಡುವಾಗ 4 ಆಂಪಿಯರ್, ದಿನದ ಅರ್ಧ ಹೊತ್ತು ಓಡಿದರೂ 48 ಎಎಚ್. ನಿಮ್ಮ 200 ವ್ಯಾಟ್ ಪ್ಯಾನೆಲ್ ವಿಜಯಪುರದ ಬಿಸಿಲಲ್ಲಿ, ಬಿಸಿಯಾಗಿ ಕಳೆದುಕೊಳ್ಳುವುದನ್ನು ಬಿಟ್ಟರೂ, ದಿನಕ್ಕೆ 55-60 ಎಎಚ್ ಕೊಡುತ್ತದೆ. ಎರಡು ನಿಮಿಷದ ಮಿಕ್ಸಿ ಲೆಕ್ಕಕ್ಕೇ ಬರಲ್ಲ. ಮಳೆಗಾಲದ ಮೋಡಕ್ಕೆ ಮಾತ್ರ ಕೊರತೆ ಬೀಳಬಹುದು, ಆಗ ಹೇಗೂ ಹೊಲದ ಪ್ಲಗ್ ಇದೆ. ಒಂದು ಕೆಲಸ ಬಾಕಿ: ಪ್ಲಸ್ ಕೇಬಲಿಗೆ ಬ್ಯಾಟರಿ ಪಕ್ಕದಲ್ಲೇ 100 ಆಂಪಿಯರಿನ ಫ್ಯೂಸ್ ಇದೆಯಾ ನೋಡಿ, ಇಲ್ಲದಿದ್ದರೆ ಹೊರಡುವ ಮುಂಚೆ ಹಾಕಿಸಿ.